ನೆಲದಡಿ ಲೋಹ ಇದೆ ಅನ್ನೋ ಕಡ್ಡಿ: ದುಡ್ಡು ಕೊಡೋ ಮುಂಚೆ ಪರೀಕ್ಷೆ ಮಾಡೋದು ಹೇಗೆ?

ಹಳೇ ಮನೆಯ ಗೋಡೆ ಪಕ್ಕ ಚಿನ್ನ ಇದೆ. ಹಿತ್ತಲಲ್ಲಿ ತಾಮ್ರದ ಹಂಡೆ ಹೂತಿದೆ. ಅಂಗಡಿ ಕಟ್ಟೋ ಸೈಟಿನ ಮೂಲೆಯಲ್ಲಿ ಕಬ್ಬಿಣ ಸಿಕ್ಕಿಕೊಂಡಿದೆ, ಅದನ್ನು ತೆಗೆಸದೆ ವ್ಯಾಪಾರ ಹತ್ತಲ್ಲ. ಹೀಗೆಲ್ಲಾ ಹೇಳುತ್ತಾ ಕೈಯಲ್ಲಿ ಎರಡು ಕಡ್ಡಿ ಹಿಡಿದು ಓಡಾಡುವವರು ಊರೂರಿಗೂ ಬರುತ್ತಾರೆ. ಜಾಗ ನೋಡೋಕೆ ಒಂದು ಫೀಸು, ಅಗೆಸೋಕೆ ಅಡ್ವಾನ್ಸು, ನಡುವೆ ಪೂಜೆ ಸಾಮಾನಿನ ಖರ್ಚು. ಒಂದೊಂದು ಹಂತದಲ್ಲೂ ದುಡ್ಡು ಕೈಬಿಡುತ್ತದೆ. ಗುಂಡಿಯಲ್ಲಿ ಏನೂ ಸಿಗದಿದ್ದಾಗ "ಇನ್ನೂ ನಾಲ್ಕಡಿ ಇಳೀಬೇಕು" ಅನ್ನೋ ಮಾತು ಸಿದ್ಧವಿರುತ್ತದೆ.

ಹೀಗೆ ಹೇಳುವವರೆಲ್ಲಾ ಮೋಸಗಾರರಲ್ಲ. ತಮ್ಮ ಕೈಯಲ್ಲಿ ಕಡ್ಡಿ ತಿರುಗೋದನ್ನ ತಾವೇ ನೋಡಿ, ನಿಜವಾಗಲೂ ನಂಬಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಜಗಳ, ಗೇಲಿ ಬೇಡ. ಹತ್ತು ಮಡಕೆ, ಒಂದು ಲೋಹದ ತುಂಡು, ನಾಲ್ಕೈದು ಜನ, ಅರ್ಧ ದಿನ ಇದ್ದರೆ ಇದನ್ನು ಪರೀಕ್ಷೆ ಮಾಡಬಹುದು. ಆದರೆ ಸರಿಯಾಗಿ ಮಾಡಬೇಕು. ಹೆಂಗೆಂಗೋ ಮಾಡಿದ ಪರೀಕ್ಷೆ ಎರಡೂ ಕಡೆಯವರಿಗೂ ಅನ್ಯಾಯ.

ಕಡ್ಡಿ ಯಾಕೆ ತಿರುಗುತ್ತೆ?

ನಮ್ಮಲ್ಲಿ ಕವಲು ಕಡ್ಡಿ, ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ನೋಡೋದು ಎಲ್ಲರಿಗೂ ಗೊತ್ತು. ಲೋಹ ಹುಡುಕೋಕೆ ಹೆಚ್ಚಾಗಿ ಬಳಸೋದು ಇಂಗ್ಲಿಷ್ ಎಲ್ ಆಕಾರಕ್ಕೆ ಬಗ್ಗಿಸಿದ ಹಿತ್ತಾಳೆ ಅಥವಾ ತಾಮ್ರದ ಎರಡು ಕಡ್ಡಿ. ಕೆಲವರು ದಾರಕ್ಕೆ ಕಟ್ಟಿದ ಗುಂಡು ತೂಗಿಸುತ್ತಾರೆ. ಯುರೋಪಿನಲ್ಲಿ ಈ ಪದ್ಧತಿ ಗಣಿಗಳಲ್ಲೇ ಬಳಕೆಯಲ್ಲಿತ್ತು. ಜರ್ಮನಿಯ ಜಾರ್ಜಿಯಸ್ ಅಗ್ರಿಕೋಲ ಎಂಬ ಪಂಡಿತನ ಗಣಿಗಾರಿಕೆ ಪುಸ್ತಕ 1556ರಲ್ಲಿ ಅಚ್ಚಾಯಿತು. ಕವಲು ಕಡ್ಡಿ ಹಿಡಿದು ಅದಿರು ಹುಡುಕುವವರ ಬಗ್ಗೆ ಅದರಲ್ಲಿ ವಿವರವಾಗಿ ಬರೆದಿದ್ದಾನೆ. ಬುದ್ಧಿವಂತ ಗಣಿಗಾರನಿಗೆ ಈ ಕಡ್ಡಿ ಬೇಕಾಗಿಲ್ಲ, ನೆಲದ ಗುರುತುಗಳನ್ನ ನೋಡಿದರೆ ಸಾಕು ಅನ್ನೋದು ಅವನ ಅಭಿಪ್ರಾಯವಾಗಿತ್ತು. ಅಂದರೆ ಅನುಮಾನ ಇವತ್ತಿನದಲ್ಲ.

ಕಡ್ಡಿ ತಿರುಗೋದಂತೂ ನಿಜ. ಎಲ್ ಕಡ್ಡಿಯನ್ನು ಸಡಿಲವಾಗಿ ಹಿಡಿದಾಗ ಮಣಿಕಟ್ಟು ಕೂದಲೆಳೆಯಷ್ಟು ವಾಲಿದರೂ ಕಡ್ಡಿಯ ತುದಿ ದೊಡ್ಡದಾಗಿ ಹೊರಳುತ್ತದೆ. ಮನಸ್ಸಿನಲ್ಲಿ "ಇಲ್ಲಿ ಇರಬಹುದು" ಅಂತ ಬಂದ ಕೂಡಲೇ ನಮಗೇ ಗೊತ್ತಾಗದ ಹಾಗೆ ಕೈಯ ಸ್ನಾಯು ಅಲ್ಲಾಡುತ್ತದೆ. ಇಂಥ ಚಲನೆಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲಿ 'ಐಡಿಯೋಮೋಟರ್' ಅಂತ ಹೆಸರಿಟ್ಟರು. ಮರುವರ್ಷ ಮೈಕೆಲ್ ಫ್ಯಾರಡೆ ಒಂದು ಪ್ರಯೋಗ ಮಾಡಿದರು. ಆಗ ಲಂಡನ್ನಿನಲ್ಲಿ ಮೇಜಿನ ಮೇಲೆ ಕೈಯಿಟ್ಟು ಕುಳಿತರೆ ಆತ್ಮ ಬಂದು ಮೇಜು ತಿರುಗಿಸುತ್ತೆ ಅನ್ನೋ ಹುಚ್ಚು ಜೋರಾಗಿತ್ತು. ಮೊದಲು ಅಲ್ಲಾಡೋದು ಮೇಜಲ್ಲ, ಕೂತವರ ಕೈ ಅಂತ ಫ್ಯಾರಡೆ ತೋರಿಸಿಕೊಟ್ಟರು. ಕೂತವರು ಸುಳ್ಳು ಹೇಳ್ತಿರಲಿಲ್ಲ, ತಮ್ಮ ಕೈ ತಳ್ಳುತ್ತಿರೋದು ಅವರಿಗೇ ತಿಳಿದಿರಲಿಲ್ಲ.

ಮನೆಯಲ್ಲೇ ನೋಡಬಹುದು. ದಾರಕ್ಕೆ ಒಂದು ನಟ್ ಕಟ್ಟಿ ಉಂಗುರದ ಮೇಲೆ ಹಿಡಿದುಕೊಂಡು, ಅದು ಸುತ್ತುತ್ತೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಸುತ್ತೋಕೆ ಶುರುವಾಗುತ್ತದೆ. ಉಂಗುರದ ಮೇಲೆ ಮುಚ್ಚಳ ಮುಚ್ಚಿ, ಉಂಗುರ ಅಲ್ಲಿದೆಯೋ ಇಲ್ಲವೋ ನಿಮಗೇ ಗೊತ್ತಿಲ್ಲದ ಹಾಗೆ ಮಾಡಿದರೆ ಏನಾಗುತ್ತೆ ಅನ್ನೋದೇ ಪ್ರಶ್ನೆ. ಪರೀಕ್ಷೆ ಅಂದರೆ ಅಷ್ಟೇ.

ಬ್ಲೈಂಡ್ ಟೆಸ್ಟ್ ಅಂದ್ರೆ ಕಣ್ಣಿಗೆ ಬಟ್ಟೆ ಕಟ್ಟೋದಲ್ಲ

ಕಡ್ಡಿ ಹಿಡಿದವರ ಕಣ್ಣಿಗೆ ಬಟ್ಟೆ ಕಟ್ಟಿಬಿಟ್ಟರೆ ಆಯ್ತು ಅಂತ ಬಹಳ ಜನ ತಿಳಿದಿದ್ದಾರೆ. ಅದು ಬೇಕಾಗಿಲ್ಲ. ಲೋಹ ಎಲ್ಲಿದೆ ಅನ್ನೋದು ಕಡ್ಡಿ ಹಿಡಿದವರಿಗೆ ಗೊತ್ತಿರಬಾರದು, ಜೊತೆಗೆ ಆ ಹೊತ್ತಿನಲ್ಲಿ ಅವರ ಸುತ್ತ ನಿಂತ ಯಾರಿಗೂ ಗೊತ್ತಿರಬಾರದು. ಎರಡನೆಯದನ್ನೇ ಹೆಚ್ಚಿನವರು ಮರೆಯೋದು.

1900ರ ದಶಕದ ಬರ್ಲಿನ್‌ನಲ್ಲಿ ಲೆಕ್ಕ ಮಾಡೋ ಕುದುರೆ ಅಂತ ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆ ಇತ್ತು. ಮೂರೂ ನಾಲ್ಕೂ ಎಷ್ಟು ಅಂತ ಕೇಳಿದರೆ ಏಳು ಸಲ ಗೊರಸು ಬಡಿಯೋದು. ಒಡೆಯ ಮೋಸ ಮಾಡ್ತಿರಲಿಲ್ಲ, ಅವನಿಗೂ ಅದು ನಿಜ ಅಂತಲೇ ನಂಬಿಕೆ. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ಗುಟ್ಟು ಹಿಡಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದ ಕೂಡಲೇ ಎದುರಿಗಿದ್ದವರ ತಲೆ ಒಂಚೂರು ಅಲ್ಲಾಡೋದು, ಕುದುರೆ ಅದನ್ನು ನೋಡಿ ನಿಲ್ಲಿಸೋದು. ಕುದುರೆಗೇ ಅಷ್ಟು ತಿಳಿಯುತ್ತೆ ಅಂದರೆ, ಹತ್ತಿಪ್ಪತ್ತು ವರ್ಷ ಜನರ ಮುಖ ನೋಡಿ ಪಳಗಿದ ಮನುಷ್ಯನಿಗೆ ತಿಳಿಯದೇ ಇರುತ್ತಾ? ಮಡಕೆ ಹತ್ತಿರ ಬಂದಾಗ ಜನ ಉಸಿರು ಬಿಗಿಹಿಡಿಯೋದೇ ಸಾಕು.

ಮೊದಲು ಕಾಗದ, ಆಮೇಲೆ ಕಡ್ಡಿ

ಪರೀಕ್ಷೆ ಶುರುವಾಗೋ ಮುಂಚೆ ಎರಡೂ ಕಡೆಯವರು ಕೂತು ಒಪ್ಪಂದ ಬರೆಯಬೇಕು. ಯಾವ ಲೋಹ, ಎಷ್ಟು ತೂಕ, ಎಷ್ಟು ದೂರದಿಂದ ಗೊತ್ತಾಗುತ್ತೆ, ಹತ್ತು ಸಲದಲ್ಲಿ ಎಷ್ಟು ಸಲ ಸರಿಯಾಗಿ ಹೇಳ್ತಾರೆ, ಎಲ್ಲವನ್ನೂ ಕಡ್ಡಿ ಹಿಡಿಯುವವರ ಬಾಯಿಂದಲೇ ಬರಬೇಕು. ಚಿನ್ನಕ್ಕೆ ಮಾತ್ರ ತಿರುಗುತ್ತೆ ಅಂದರೆ ಚಿನ್ನವನ್ನೇ ಇಡಬೇಕು, ಒಡವೆಯ ಮಾಲೀಕರು ಬಚ್ಚಿಡುವ ತಂಡದಲ್ಲೇ ಇರಲಿ. ಯಾವ ಲೋಹವಾದರೂ ಸರಿ ಅಂದರೆ ಅಂಗಡಿಯ 1 ಕೆಜಿ ತೂಕದ ಕಲ್ಲು ಸಾಕು.

ಮಡಕೆ ಮುಚ್ಚಿದರೆ ಗೊತ್ತಾಗುತ್ತಾ? ಮೋಡ ಇದ್ದರೆ ತೊಂದರೆಯಾ? ಎಷ್ಟು ಹೊತ್ತು ಮಾಡಿದರೆ ಸುಸ್ತಾಗುತ್ತೆ? ನಂಬಿಕೆ ಇಲ್ಲದವರು ಎದುರಿಗಿದ್ದರೆ ಶಕ್ತಿ ಕೆಲಸ ಮಾಡುತ್ತಾ? ಇವನ್ನೆಲ್ಲಾ ಮೊದಲೇ ಕೇಳಿ ಬರೆದುಕೊಳ್ಳಿ. ಅವರು ಹೇಳೋ ಷರತ್ತು ಉತ್ತರ ಸೋರಿಹೋಗೋ ಹಾಗೆ ಇಲ್ಲದಿದ್ದರೆ ಒಪ್ಪಿಕೊಳ್ಳಿ. ಬೆಳಗ್ಗೆ ಹೊತ್ತು ಬೇಕು, ಪೂಜೆ ಮಾಡಿ ಶುರು ಮಾಡ್ತೀನಿ, ಬರಿಗಾಲಲ್ಲಿ ನಡೀತೀನಿ ಅಂದರೆ ಏನು ತೊಂದರೆ? ಆದರೆ "ಮಡಕೆ ಮುಟ್ಟಿ ನೋಡ್ತೀನಿ", "ಬಚ್ಚಿಟ್ಟವರು ನನ್ನ ಪಕ್ಕ ಇರಲಿ" ಅಂದರೆ ಆಗಲ್ಲ.

ಎಷ್ಟು ಸುತ್ತು, ಎಷ್ಟು ಸರಿ ಬಂದರೆ ಪಾಸು ಅನ್ನೋದನ್ನೂ ಅಲ್ಲೇ ಬರೆದು ಸಹಿ ಹಾಕಿಸಬೇಕು. ನಡುವೆ ನಿಲ್ಲಿಸೋ ಹಾಗಿಲ್ಲ, ಎರಡು ಸುತ್ತು ಹೆಚ್ಚು ಕೊಡಿ ಅನ್ನೋ ಹಾಗೂ ಇಲ್ಲ.

ಜಾಗ, ಮಡಕೆ, ಹೆಜ್ಜೆಗುರುತು

ಆರ್‌ಸಿಸಿ ಮಹಡಿ ಬೇಡ, ಒಳಗೆ ಕಂಬಿ ಇರುತ್ತೆ, ಆಮೇಲೆ ಅದೇ ನೆಪವಾಗುತ್ತೆ. ಮಣ್ಣಿನ ಬಯಲು ಒಳ್ಳೇದು. ಪ್ಲಾಸ್ಟಿಕ್ ಬಕೆಟ್‌ಗೆ ಕಬ್ಬಿಣದ ಹಿಡಿಕೆ ಇರೋದರಿಂದ ಅದೂ ಬೇಡ. ಒಂದೇ ಅಳತೆಯ ಹತ್ತು ಮಣ್ಣಿನ ಮಡಕೆ ತಂದು, ನಾಲ್ಕು ನಾಲ್ಕು ಅಡಿ ದೂರಕ್ಕೆ ಬೋರಲು ಹಾಕಿ, 1ರಿಂದ 10ರವರೆಗೆ ನಂಬರ್ ಬರೆದರೆ ಸಾಕು. ಒಳಗಿಡೋ ಲೋಹವನ್ನು ಬಟ್ಟೆಯಲ್ಲಿ ಸುತ್ತಬೇಕು, ಸದ್ದು ಬರಬಾರದು.

ಮೊದಲು ಬಯಲು ಖಾಲಿ ಇದ್ದಾಗಲೇ ಕಡ್ಡಿ ಹಿಡಿದು ಪೂರ್ತಿ ನಡೆದು ನೋಡಲಿ. ಎಲ್ಲಾದರೂ ತಿರುಗಿದರೆ, ಅಡಿಯಲ್ಲಿ ಏನೋ ಇದೆ ಅಂದರೆ, ಆ ಜಾಗ ಬಿಟ್ಟು ಮಡಕೆ ಇಡಿ. ಆಮೇಲೆ ಎಲ್ಲರ ಕಣ್ಣೆದುರು ಒಂದು ಮಡಕೆಯಡಿ ಲೋಹ ಇಟ್ಟು ಕಡ್ಡಿ ಓಡಿಸಲಿ. ಗೊತ್ತಿರೋ ಜಾಗದಲ್ಲಿ ಕಡ್ಡಿ ತಿರುಗೇ ತಿರುಗುತ್ತೆ. ಈ ಜಾಗ, ಈ ಮಡಕೆ, ಈ ಲೋಹ, ಇವತ್ತಿನ ಹವೆ ಎಲ್ಲಾ ಸರಿಯಾಗಿದೆ, ನನ್ನ ಶಕ್ತಿ ಕೆಲಸ ಮಾಡ್ತಿದೆ ಅಂತ ಅವರೇ ಹೇಳಿ ಇನ್ನೊಂದು ಸಹಿ ಹಾಕಲಿ. ಇಡೀ ಪರೀಕ್ಷೆಯಲ್ಲಿ ಇದರಷ್ಟು ಬೆಲೆಬಾಳೋ ಹತ್ತು ನಿಮಿಷ ಇನ್ನೊಂದಿಲ್ಲ.

ಇನ್ನು ಸಣ್ಣ ಸಣ್ಣ ಸುಳಿವು. ಲೋಹ ಇಡೋಕೆ ಹೋದವರ ಹೆಜ್ಜೆ ಮಣ್ಣಿನಲ್ಲಿ ಮೂಡುತ್ತದೆ. ಎತ್ತಿದ ಮಡಕೆಯ ಅಂಚಿನ ಗುರುತು ಬದಲಾಗುತ್ತದೆ. ಅದಕ್ಕೇ ಪ್ರತಿ ಸುತ್ತಿನಲ್ಲೂ ಹತ್ತೂ ಮಡಕೆ ಹತ್ತಿರ ಹೋಗಿ, ಹತ್ತನ್ನೂ ಎತ್ತಿ ಇಡಬೇಕು, ಒಂದೊಂದರ ಹತ್ತಿರವೂ ಅಷ್ಟಷ್ಟೇ ಹೊತ್ತು ನಿಲ್ಲಬೇಕು. ಸುತ್ತು ಮುಗಿದ ಮೇಲೆ ತೆಂಗಿನ ಗರಿಯಲ್ಲಿ ಒಂದು ಸಲ ನೆಲ ಎಳೆದುಬಿಟ್ಟರೆ ಇನ್ನೂ ಕ್ಷೇಮ.

ಯಾರು ಎಲ್ಲಿ ನಿಲ್ಲಬೇಕು

ಎರಡು ತಂಡ ಬೇಕು, ಒಬ್ಬರ ಮುಖ ಒಬ್ಬರು ನೋಡಬಾರದು. ಬಚ್ಚಿಡುವ ತಂಡದಲ್ಲಿ ಇಬ್ಬರು. ಸ್ಟೀಲ್ ಡಬ್ಬಿಯಲ್ಲಿ 1ರಿಂದ 10ರ ಚೀಟಿ ಹಾಕಿ, ಕುಲುಕಿ, ಒಂದು ಎತ್ತಿ, ಬಂದ ನಂಬರಿನ ಮಡಕೆಯಡಿ ಲೋಹ ಇಡೋದು, ನಂಬರ್ ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸೋದು, ಚೀಟಿ ವಾಪಸ್ ಡಬ್ಬಿಗೆ ಹಾಕೋದು. ಆಮೇಲೆ ಕಟ್ಟಡದ ಹಿಂದೆ ಹೋಗಿ ಸೀಟಿ ಊದೋದು. ಅವರು ಇಡುವಾಗ ಕಡ್ಡಿ ಹಿಡಿಯುವವರೂ ಎರಡನೇ ತಂಡವೂ ಕಣ್ಣಿಗೆ ಬೀಳದ ಕಡೆ ಇರಬೇಕು. ಸೀಟಿ ಕೇಳಿದ ಮೇಲೆ ಬರೋದು. ಅವರು ಹೇಳಿದ ನಂಬರನ್ನು ಎರಡನೇ ತಂಡ ಬರೆದುಕೊಂಡು, ಸಹಿ ಮಾಡಿಸಿಕೊಂಡು, ವಾಪಸ್ ಹೋಗೋದು.

ಚೀಟಿ ಯಾಕೆ, ಮನಸ್ಸಿಗೆ ಬಂದ ಮಡಕೆಯಡಿ ಇಟ್ಟರಾಗಲ್ವಾ ಅಂತ ಕೇಳಬಹುದು. ಆಗಲ್ಲ. ಮನುಷ್ಯ ಮನಸ್ಸಿಗೆ ಬಂದ ಹಾಗೆ ಇಡುವಾಗ ತುದಿಯ ಮಡಕೆ ಬಿಡುತ್ತಾನೆ, ಹಿಂದಿನ ಸಲ ಇಟ್ಟದ್ದನ್ನು ಮತ್ತೆ ಮುಟ್ಟೋದಿಲ್ಲ. ಇದನ್ನ ಊಹಿಸೋದು ಸುಲಭ. ಚೀಟಿಯಲ್ಲಿ 7 ಆದ ಮೇಲೆ ಮತ್ತೆ 7 ಬಂದರೂ ಬರಬಹುದು, ಬಂದರೆ ಅಲ್ಲೇ ಇಡಬೇಕು.

ಸರಿಯೋ ತಪ್ಪೋ ಅನ್ನೋದನ್ನ ನಡುವೆ ಹೇಳಬಾರದು. ಹತ್ತೂ ಸುತ್ತು ಮುಗಿದ ಮೇಲೆ ಎಲ್ಲರೆದುರು ಲಕೋಟೆ ಒಡೆಯೋದು. ಎರಡೂ ಕಡೆ ಒಂದೊಂದು ಮೊಬೈಲ್ ಸ್ಟ್ಯಾಂಡಿಗೆ ಹಾಕಿ ಬಿಡದೆ ವಿಡಿಯೋ ಆಗ್ತಿರಲಿ. ಆದರೆ ಯಾರ ಕೈಯಲ್ಲೂ ಫೋನ್ ಇರಬಾರದು, ಒಂದು ಮಿಸ್ಡ್ ಕಾಲ್ ಸಾಕು ಇಡೀ ದಿನ ಹಾಳಾಗೋಕೆ. ಊರ ಜನ ನೋಡಬೇಕು ಅಂದರೆ ಎರಡನೇ ತಂಡದ ಜೊತೆ ಇರಲಿ, ಲೋಹ ಇಡೋದನ್ನ ನೋಡಿದವರು ಯಾರೂ ಈ ಕಡೆ ಬರಬಾರದು.

ಎಷ್ಟು ಬಂದರೆ ಪಾಸು?

ಹತ್ತು ಮಡಕೆ, ಹತ್ತು ಸುತ್ತು ಅಂದರೆ ಕಣ್ಣುಮುಚ್ಚಿ ನಂಬರ್ ಹೇಳಿದರೂ ಸರಾಸರಿ ಒಂದು ಸರಿಯಾಗುತ್ತೆ. ಸಾವಿರ ಜನ ಬರೀ ಊಹೆ ಮಾಡಿದರು ಅಂತ ಇಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಅವರಲ್ಲಿ ಸುಮಾರು 349 ಜನಕ್ಕೆ ಒಂದೂ ಸರಿ ಬರಲ್ಲ, 387 ಜನಕ್ಕೆ ಒಂದು, 194 ಜನಕ್ಕೆ ಎರಡು, 57 ಜನಕ್ಕೆ ಮೂರು, 11 ಜನಕ್ಕೆ ನಾಲ್ಕು ಸರಿ ಬರುತ್ತೆ. ಐದು ಅಥವಾ ಹೆಚ್ಚು ಬರೋದು ಒಬ್ಬಿಬ್ಬರಿಗೆ ಮಾತ್ರ.

ಹಾಗಾಗಿ ಹತ್ತಕ್ಕೆ ಐದು ಅನ್ನೋದು ನ್ಯಾಯವಾದ ಗೆರೆ. ಅದೃಷ್ಟದಿಂದ ದಾಟೋದು 600ಕ್ಕೆ ಒಂದು ಸಲ. ಇನ್ನೊಂದು ಕಡೆಯಿಂದ ನೋಡಿದರೆ, ನಿಜವಾಗಲೂ ಹತ್ತರಲ್ಲಿ ಎಂಟು ಸಲ ಹೇಳಬಲ್ಲವರು ಈ ಗೆರೆಯನ್ನ ದಾಟದೇ ಇರೋ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಹತ್ತಕ್ಕೆ ಹತ್ತೂ ಹೇಳಲೇಬೇಕು ಅನ್ನೋದು ಅನ್ಯಾಯ. ಎರಡೇ ಡಬ್ಬಿ ಇಟ್ಟು ಐದು ಸಲ ಕೇಳಿ, ಐದೂ ಸರಿಯಾಯ್ತು ಅಂತ ಹಾರ ಹಾಕೋದೂ ಸರಿಯಲ್ಲ, 32 ಜನರಲ್ಲಿ ಒಬ್ಬರು ಊಹೆಯಲ್ಲೇ ಅಷ್ಟು ಹೇಳ್ತಾರೆ.

ಜೊತೆಗೆ ಕಡ್ಡಿ ಇಲ್ಲದ ಒಬ್ಬ ಕಾಲೇಜು ಹುಡುಗನನ್ನೂ ಅದೇ ಹತ್ತು ಸುತ್ತಿಗೆ ನಿಲ್ಲಿಸಿ, ಊಹೆ ಬರೆಸಿ. ಜನಕ್ಕೆ ಲೆಕ್ಕಕ್ಕಿಂತ ಅದು ಬೇಗ ಅರ್ಥವಾಗುತ್ತೆ.

"ಮಡಕೆಯಡಿ ಇಟ್ಟದ್ದು ಗೊತ್ತಾಗಲ್ಲ, ಹೂತು ಹಳೆಯದಾದ ಲೋಹ ಮಾತ್ರ ಗೊತ್ತಾಗುತ್ತೆ" ಅನ್ನುವವರೂ ಇದ್ದಾರೆ. ಅದಕ್ಕೂ ದಾರಿ ಇದೆ, ತಾಳ್ಮೆ ಬೇಕು ಅಷ್ಟೇ. ಒಂದೇ ಥರದ 20 ಗುಂಡಿ ತೋಡಿ, ಒಂದೊಂದಕ್ಕೂ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಲೋಹ ಹಾಕಿ, ಇಲ್ಲದಿದ್ದರೆ ಖಾಲಿಯಾಗಿ ಮುಚ್ಚಿ, ಒಂದು ಮಳೆಗಾಲ ಬಿಡಬೇಕು. ಆಮೇಲೆ ಪ್ರತಿ ಗುಂಡಿಗೂ ಇದೆ ಅಥವಾ ಇಲ್ಲ ಅಂತ ಹೇಳಿಸೋದು. 20ಕ್ಕೆ 17 ಸರಿ ಬಂದರೆ ಪಾಸು, ಊಹೆಯಲ್ಲಿ ಅಷ್ಟು ಬರೋದು ಸುಮಾರು 800ಕ್ಕೆ ಒಂದು ಸಲ. ಗುಂಡಿ ತೋಡಿದವರು ಮಾತ್ರ ಪರೀಕ್ಷೆ ದಿನ ಆ ಕಡೆ ಸುಳಿಯಬಾರದು.

ಬೋರ್‌ವೆಲ್ ಪಾಯಿಂಟ್‌ಗೆ ಈ ಲೆಕ್ಕ ಹೊಂದಲ್ಲ. "ಅವರು ಹೇಳಿದ ಕಡೆ ನೀರು ಬಂತು" ಅಂದರೆ, ಹೇಳದ ಕಡೆ ಕೊರೆಸಿದ್ದರೆ ಬರ್ತಿರಲಿಲ್ವಾ ಅನ್ನೋದನ್ನ ಯಾರೂ ಕೊರೆಸಿ ನೋಡಿರಲ್ಲ.

ಆಸ್ಟ್ರೇಲಿಯಾದಲ್ಲಿ ಆಗಿದ್ದು

1980ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಆಸ್ಟ್ರೇಲಿಯಾದ ಉದ್ಯಮಿ ಡಿಕ್ ಸ್ಮಿತ್ ಸೇರಿ ಅಲ್ಲಿನ ಕಡ್ಡಿಯವರಿಗೆ ಬಹುಮಾನ ಇಟ್ಟು ಇದೇ ರೀತಿಯ ಪರೀಕ್ಷೆ ಮಾಡಿದರು. ಹತ್ತರಲ್ಲಿ ಒಂದನ್ನು ಗುರುತಿಸೋದು. ಷರತ್ತು ನ್ಯಾಯವಾಗಿದೆ ಅಂತ ಎಲ್ಲರೂ ಮೊದಲೇ ಒಪ್ಪಿದ್ದರು, ನೂರಕ್ಕೆ 80ಕ್ಕಿಂತ ಹೆಚ್ಚು ಸರಿ ಹೇಳ್ತೀವಿ ಅನ್ನೋ ಧೈರ್ಯವೂ ಇತ್ತು. ಚಿನ್ನ ಹುಡುಕಿದ 35 ಪ್ರಯತ್ನದಲ್ಲಿ 4 ಸರಿಯಾಯಿತು. ಹಿತ್ತಾಳೆಗೆ 26 ಪ್ರಯತ್ನ, ಒಂದೂ ಸರಿಯಾಗಲಿಲ್ಲ. ನೀರಿಗೆ 50ರಲ್ಲಿ 11. ಒಟ್ಟು 111ಕ್ಕೆ 15, ಅಂದರೆ ನೂರಕ್ಕೆ ಹದಿಮೂರೂವರೆ. ಊಹೆಯಲ್ಲೇ ನೂರಕ್ಕೆ ಹತ್ತು ಬರಬೇಕಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀರಿನ ಲೆಕ್ಕ ಮಾತ್ರ ಎತ್ತಿ ಹಿಡಿದರೆ ನೂರಕ್ಕೆ 22, ಊಹೆಯ ಎರಡರಷ್ಟು. ಹಿತ್ತಾಳೆಯ ಸೊನ್ನೆ ಬಚ್ಚಿಟ್ಟು ಇದೊಂದನ್ನೇ ತೋರಿಸಿದರೆ ಏನೋ ಶಕ್ತಿ ಇದ್ದ ಹಾಗೆ ಕಾಣುತ್ತೆ. ಜರ್ಮನಿಯ ಮ್ಯೂನಿಕ್ ಹತ್ತಿರ 1980ರ ದಶಕದ ಕೊನೆಯಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಆಗಿದ್ದೂ ಇಂಥದೇ. ಸುಮಾರು 500 ಜನರನ್ನು ನೋಡಿ, ಅವರಲ್ಲಿ 43 ಜನರನ್ನು ಆರಿಸಿ, 843 ಸಲ ಪರೀಕ್ಷೆ ಮಾಡಿದರು. ಹೆಚ್ಚಿನವರಲ್ಲಿ ಏನೂ ಕಾಣಲಿಲ್ಲ. ಚೆನ್ನಾಗಿ ಹೇಳಿದ ಆರು ಜನರನ್ನ ತೋರಿಸಿ ಸಂಶೋಧಕರು ಶಕ್ತಿ ಇದೆ ಅಂದರು. ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಅದೇ ಅಂಕಿ ತೆಗೆದು ನೋಡಿದಾಗ, ಅಷ್ಟು ಜನರಲ್ಲಿ ಅದೃಷ್ಟದಿಂದಲೇ ಕೆಲವರು ಮೇಲೆ ಬರುವಷ್ಟೇ ಅದು ಅಂತ ತಿಳಿಯಿತು. ಒಬ್ಬರು ಎದ್ದು ಕಂಡರೆ ಅವರನ್ನು ಹೊಸದಾಗಿ, ಹೊಸ ಜನ ಸೇರಿ, ಮತ್ತೊಮ್ಮೆ ಪರೀಕ್ಷೆ ಮಾಡಬೇಕು. ನಮ್ಮ ಹತ್ತಕ್ಕೆ ಐದು ಬಂದವರಿಗೂ ಇದೇ ನಿಯಮ.

ರ‍್ಯಾಂಡಿಯ ಸಂಸ್ಥೆ ಮುಂದೆ ಬಹುಮಾನವನ್ನು 10 ಲಕ್ಷ ಡಾಲರ್‌ಗೆ ಏರಿಸಿತು. 2015ರಲ್ಲಿ ಆ ಸವಾಲು ನಿಲ್ಲಿಸೋವರೆಗೂ ಅದನ್ನ ಯಾರೂ ಗೆಲ್ಲಲಿಲ್ಲ.

ಆಂಟೆನಾ ಇರೋ ಮಷಿನ್

"ಕಡ್ಡಿ ಹಳೇದಾಯ್ತು, ಈಗ ವಿದೇಶಿ ಮಷಿನ್ ಇದೆ" ಅಂತ ಆಂಟೆನಾ ಹಿಡಿ ತೋರಿಸುವವರು ಬಂದರೂ ಪರೀಕ್ಷೆ ಇದೇ. ನಿಜವಾದ ಮೆಟಲ್ ಡಿಟೆಕ್ಟರ್‌ನಲ್ಲಿ ಕರೆಂಟ್ ಹರಿಯೋ ಸುರುಳಿ ಇರುತ್ತೆ, ಹತ್ತಿರದ ಲೋಹ ಅದಕ್ಕೆ ಪ್ರತಿಕ್ರಿಯೆ ಕೊಟ್ಟಾಗ ಸದ್ದು ಬರುತ್ತೆ. ನಾಣ್ಯದಂಥ ಸಣ್ಣ ವಸ್ತುವಾದರೆ ಕೆಲವು ಇಂಚು ಆಳದವರೆಗೆ ಮಾತ್ರ. ನೂರಾರು ಅಡಿ ದೂರದಿಂದ ಆಂಟೆನಾ ತಾನೇ ತಿರುಗಿ ಚಿನ್ನ ತೋರಿಸುತ್ತೆ ಅಂದರೆ, ಅದು ಪ್ಲಾಸ್ಟಿಕ್ ಹಿಡಿ ಹಾಕಿದ ಕಡ್ಡಿ.

ಇಂಥದೇ ಹಿಡಿಯನ್ನು ಬಾಂಬ್ ಪತ್ತೆ ಯಂತ್ರ ಅಂತ ಸೈನ್ಯಗಳಿಗೇ ಮಾರಿದ ಕಥೆ ಇದೆ. ಥಾಯ್ಲೆಂಡ್ ಸರ್ಕಾರ ಜಿಟಿ200 ಎಂಬ ಯಂತ್ರವನ್ನು 2010ರ ಫೆಬ್ರವರಿಯಲ್ಲಿ ಪರೀಕ್ಷೆಗೆ ಇಟ್ಟಿತು. ನಾಲ್ಕರಲ್ಲಿ ಒಂದು ಕಡೆ ಸ್ಫೋಟಕ, 20 ಸಲ. ಊಹೆಯಲ್ಲೇ ಐದು ಸರಿಯಾಗಬೇಕು, ಯಂತ್ರ ಹಿಡಿದವರಿಗೆ ಸರಿಯಾಗಿದ್ದು ನಾಲ್ಕು. ಅದನ್ನು ಮಾರಿದ ಬ್ರಿಟನ್ನಿನ ಗ್ಯಾರಿ ಬೋಲ್ಟನ್‌ಗೆ 2013ರಲ್ಲಿ 7 ವರ್ಷ ಜೈಲಾಯಿತು. ಎಡಿಇ 651 ಎಂಬ ಇನ್ನೊಂದು ಯಂತ್ರವನ್ನು ಇರಾಕ್‌ಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ ಅದೇ ವರ್ಷ 10 ವರ್ಷ. ಬಾಗ್ದಾದಿನ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸರು ಅದನ್ನೇ ನಂಬಿ ವಾಹನ ಬಿಡುತ್ತಿದ್ದರು. ಖರೀದಿಗೆ ಮುಂಚೆ ಹತ್ತು ಮಡಕೆಯಷ್ಟು ಸರಳವಾದ ಪರೀಕ್ಷೆಯನ್ನ ಯಾರಾದರೂ ಮಾಡಿದ್ದರೆ ಅಲ್ಲೇ ಗೊತ್ತಾಗ್ತಿತ್ತು.

ಸೋತ ಮೇಲೆ ಬರೋ ಮಾತು

ಫಲಿತಾಂಶ ಬಂದ ಮೇಲೆ ಸಾಮಾನ್ಯವಾಗಿ ಕೇಳೋದು ಇವು: ಇವತ್ತು ಮನಸ್ಸು ಸರಿಯಿರಲಿಲ್ಲ, ಯಾರೋ ಮೈಲಿಗೆಯಲ್ಲಿ ಬಂದಿದ್ದರು, ಯಾರದೋ ಜೇಬಿನಲ್ಲಿ ಬೀಗದ ಕೈ ಇತ್ತು, ಪರೀಕ್ಷೆ ಮಾಡಿದರೆ ಶಕ್ತಿ ನಿಲ್ಲಲ್ಲ. ಇದಕ್ಕೆ ವಾದ ಬೇಡ. ಬೆಳಗ್ಗೆ ಎಲ್ಲಾ ಸರಿಯಿದೆ ಅಂತ ಹಾಕಿದ ಸಹಿಯನ್ನ ತೋರಿಸಿದರೆ ಸಾಕು. ಜೇಬಿನ ಕೀ, ಉಡಿದಾರ, ಉಂಗುರ, ವಾಚು ತೆಗೆದಿಡಬೇಕಾ ಅಂತ ಆಗಲೇ ಕೇಳಿ ತೆಗೆಸಿರಬೇಕು. ಇನ್ನೊಂದು ದಿನ ಬರ್ತೀನಿ ಅಂದರೆ ಬರಲಿ, ಅದೇ ನಿಯಮ, ಅದೇ ಮಡಕೆ. ಎರಡೂ ದಿನದ ಅಂಕಿ ಕೂಡಿಸಿ ನೋಡಬೇಕು, ಚೆನ್ನಾಗಿ ಬಂದ ದಿನದ್ದು ಮಾತ್ರ ಅಲ್ಲ.

ಪರೀಕ್ಷೆಗೇ ಒಪ್ಪಲ್ಲ ಅಂದರೆ ಫೀಸು ಕೊಡಬೇಕಾ ಬೇಡವಾ ಅನ್ನೋದು ಕೊಡುವವರ ಇಷ್ಟ. ಆದರೆ ಅಗೆಯೋ ಮುಂಚೆ ಕಾನೂನಿನ ಎರಡು ವಿಷಯ ಗೊತ್ತಿರಲಿ. ನಿಧಿ ಸಿಕ್ಕರೂ ಅದು ಸಿಕ್ಕವರ ಸ್ವತ್ತಾಗಿಬಿಡಲ್ಲ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು, ಬಚ್ಚಿಟ್ಟುಕೊಂಡರೆ ಅಪರಾಧ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಗುದ್ದಲಿ ಹಾಕೋ ಹಾಗೇ ಇಲ್ಲ. ನಿಧಿ ಹೆಸರಿನಲ್ಲಿ ವಾಮಾಚಾರ ಮಾಡಿಸಿದರೆ 2020ರಿಂದ ಜಾರಿಯಲ್ಲಿರೋ ರಾಜ್ಯದ ವಾಮಾಚಾರ ತಡೆ ಕಾಯ್ದೆಯಡಿ ಕೇಸಾಗುತ್ತೆ. ಅಡ್ವಾನ್ಸ್ ಕೊಟ್ಟು ಮೋಸಹೋದವರು ಹಣ ಕೊಟ್ಟ ದಿನಾಂಕ, ಫೋನ್‌ಪೇ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಯಾವುದನ್ನೂ ಡಿಲೀಟ್ ಮಾಡದೆ ಇಟ್ಟುಕೊಂಡು ಠಾಣೆಗೆ ಹೋಗಬೇಕು.